ರಸ್ತೆಗೂ ತಂತಿ ಎಳೆದು ಬಿಗಿಯಬಹುದಾ? ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ರಸ್ತೆ ಬಗ್ಗೆ ಒಂದು ಪ್ರಶ್ನೆ

ವಿಜಯನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರ್ ಅಲ್ಲ, ಬ್ಯಾಂಕಿನಲ್ಲಿದ್ದು ನಿವೃತ್ತಿಯಾದವನು. ನಮ್ಮ ಮನೆ ಮುಂದಿನ ರಸ್ತೆಗೆ ವೈಟ್ ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟ್ ಹಾಸುವುದು) ಮಾಡಿ ಕೆಲವು ವರ್ಷ ಆಯಿತು. ರಸ್ತೆ ಒಟ್ಟಾರೆ ಚೆನ್ನಾಗಿಯೇ ಇದೆ. ಆದರೆ ಜಾಯಿಂಟ್ ಬಂದ ಕಡೆಯೆಲ್ಲ ಬಸ್ಸು ಡಬ್ ಡಬ್ ಅನ್ನುತ್ತದೆ, ಬಸ್ ಸ್ಟಾಪ್ ಹತ್ತಿರ ಎರಡು ಮೂಲೆ ಒಡೆದಿದೆ. ಮೊನ್ನೆ ಮೆಟ್ರೋ ಕೆಳಗೆ ನಿಂತಿದ್ದಾಗ ಒಂದು ಯೋಚನೆ ಬಂತು. ಅಲ್ಲಿ ಕಾಂಕ್ರೀಟ್ ತೊಲೆಗೆ ಒಳಗಿನಿಂದ ತಂತಿ ಎಳೆದು ಬಿಗಿಯುತ್ತಾರೆ, ಅದಕ್ಕೇ ಅಷ್ಟು ಉದ್ದ ನಿಲ್ಲುತ್ತದೆ ಅಂತ ಕೇಳಿದ್ದೇನೆ. ಹಾಗೇ ರಸ್ತೆಗೂ ತಂತಿ ಎಳೆದು ಬಿಗಿದರೆ ಜಾಯಿಂಟೇ ಬೇಡ ಅಲ್ವಾ? ಯಾರೂ ಯಾಕೆ ಮಾಡುತ್ತಿಲ್ಲ? ತಿಳಿದವರು ಹೇಳಿ.

ಸೈಟ್ ಮೇಸ್ತ್ರಿ

ಸರ್, ನಾನು ಇದೇ ಕೆಲಸದಲ್ಲಿದ್ದೇನೆ, ಅದಕ್ಕೆ ಮೊದಲು ಜಾಯಿಂಟ್ ಯಾಕೆ ಅಂತ ಹೇಳಿಬಿಡುತ್ತೇನೆ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ರಾತ್ರಿ ತಣ್ಣಗಾದಾಗ ಇನ್ನೂ ಕುಗ್ಗುತ್ತದೆ. ಕೆಳಗಿನ ಪದರ ಅದನ್ನು ಹಿಡಿದುಕೊಂಡಿರುತ್ತದೆ. ಎಲ್ಲೋ ಒಂದು ಕಡೆ ಬಿರುಕು ಬಿಡಲೇಬೇಕು. ಎಲ್ಲಿ ಬಿಡಬೇಕು ಅಂತ ನಾವೇ ಕಟಿಂಗ್ ಹಾಕಿ ತೋರಿಸುತ್ತೇವೆ, ಅಷ್ಟೇ. ಹೆದ್ದಾರಿಯ ದಪ್ಪ ಕಾಂಕ್ರೀಟ್‌ಗೆ ಸಾಮಾನ್ಯವಾಗಿ 4.5 ಮೀಟರ್‌ಗೊಂದು. ನಿಮ್ಮ ರಸ್ತೆಯಂಥ ತೆಳು ವೈಟ್ ಟಾಪಿಂಗ್ ಆದರೆ ಇನ್ನೂ ಹತ್ತಿರ ಹತ್ತಿರ.

ಕಟಿಂಗ್ ತಡವಾದರೆ ಕಾಂಕ್ರೀಟ್ ತಾನೇ ಕಟಿಂಗ್ ಮಾಡಿಕೊಳ್ಳುತ್ತದೆ. ಒಂದು ಸೈಟಿನಲ್ಲಿ ರಾತ್ರಿ ಎರಡು ಗಂಟೆಗೆ ಕಟರ್ ಬ್ಲೇಡ್ ಮುರಿಯಿತು, ಬದಲಿ ಇರಲಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ಹಾವು ಹರಿದ ಹಾಗೆ ಅಡ್ಡಾದಿಡ್ಡಿ ಬಿರುಕು. ಎರಡು ಪ್ಯಾನೆಲ್ ಒಡೆದು ಮತ್ತೆ ಹಾಕಬೇಕಾಯಿತು, ನಮ್ಮ ದುಡ್ಡಲ್ಲೇ.

ತಂತಿ ಎಳೆದ ರಸ್ತೆ ನಾನು ಮಾಡಿಲ್ಲ. ಥಿಯೊಡಲೈಟ್ ಸರ್ ಬಂದರೆ ಹೇಳಬಹುದು.

ಹಳೇ ಥಿಯೊಡಲೈಟ್

ಬಂದೆ. ವಿಜಯನಗರದವರೇ, ನೀವು ಕೇಳಿದ ಪ್ರಶ್ನೆಗೆ ಮುಕ್ಕಾಲು ಶತಮಾನದ ಇತಿಹಾಸ ಇದೆ. ಪ್ರೀಸ್ಟ್ರೆಸ್, ಅಂದರೆ ತಂತಿ ಎಳೆದು ಬಿಗಿದು ಕಾಂಕ್ರೀಟನ್ನು ಮೊದಲೇ ಒತ್ತಿಡುವುದು, ಇದನ್ನು ಬಳಕೆಗೆ ತಂದವರು ಫ್ರಾನ್ಸಿನ ಯೂಜೀನ್ ಫ್ರೆಸಿನೆ. 1928ರಲ್ಲಿ ಅದರ ಪೇಟೆಂಟ್ ಪಡೆದರು. ಯುದ್ಧ ಮುಗಿದ ಮೇಲೆ, 1946-47ರ ಹೊತ್ತಿಗೆ, ಪ್ಯಾರಿಸ್ಸಿನ ಓರ್ಲಿ ವಿಮಾನ ನಿಲ್ದಾಣದ ರನ್‌ವೇಗೆ ಇದನ್ನೇ ಹಾಕಿದರು. ಸುಮಾರು 16 ಸೆಂಟಿಮೀಟರ್ ದಪ್ಪ, ಅಷ್ಟೇ. ಆಮೇಲೆ ಅಮೆರಿಕದಲ್ಲೂ ಮಾಡಿದರು. 1985ರಲ್ಲಿ ಟೆಕ್ಸಾಸ್‌ನ ಐ-35 ಹೆದ್ದಾರಿಯಲ್ಲಿ 15 ಸೆಂಟಿಮೀಟರ್ ದಪ್ಪದ ಸ್ಲ್ಯಾಬ್ ಹಾಕಿದರು. ಒಂದೊಂದು ಸ್ಲ್ಯಾಬ್ 73 ಮೀಟರ್, ಕೆಲವು 134 ಮೀಟರ್ ಉದ್ದ. ನಡುವೆ ಒಂದೂ ಅಡ್ಡ ಜಾಯಿಂಟ್ ಇಲ್ಲ.

ತತ್ವ ಸುಲಭ. ಹಳ್ಳಿಯಲ್ಲಿ ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹೊಡೆಯುವುದು ನೋಡಿದ್ದೀರಾ? ಪಟ್ಟಾ ಚಕ್ರಕ್ಕಿಂತ ಸ್ವಲ್ಪ ಚಿಕ್ಕದು. ಕೆಂಡದಲ್ಲಿ ಕಾಯಿಸಿ ಹಿಗ್ಗಿಸಿ ತೊಡಿಸಿ ನೀರು ಹೊಯ್ದರೆ ಅದು ಕುಗ್ಗಿ ಮರದ ತುಂಡುಗಳನ್ನೆಲ್ಲ ಒಳಕ್ಕೆ ಒತ್ತಿ ಹಿಡಿಯುತ್ತದೆ. ಆಮೇಲೆ ಗಾಡಿ ಎಂಥ ಕಲ್ಲು ಹತ್ತಿದರೂ ಕೀಲು ಬಿಚ್ಚುವುದಿಲ್ಲ. ಕಾಂಕ್ರೀಟಿಗೂ ಅದೇ. ಒತ್ತಿದರೆ ಆನೆ ಬಲ, ಎಳೆದರೆ ಏನೂ ಇಲ್ಲ. ಎಂ40 ದರ್ಜೆಯ ಕಾಂಕ್ರೀಟ್ ಒತ್ತಡಕ್ಕೆ 40 ಮೆಗಾಪ್ಯಾಸ್ಕಲ್ (ಒಂದು ಚದರ ಮಿಮೀಗೆ 40 ನ್ಯೂಟನ್ ಬಲ) ತಡೆದರೆ, ಬಾಗಿಸಿದಾಗ ಬರೀ 4.5ರ ಆಸುಪಾಸಿಗೆ ಬಿರುಕು. ರಸ್ತೆಯನ್ನು ಚಕ್ರ ಬಾಗಿಸುತ್ತದೆ. ಹಾಗಾಗಿ ಮೊದಲೇ ಒತ್ತಿಟ್ಟರೆ, ಆ ಒತ್ತಡ ಕಳೆದು ಆಮೇಲೆ 4.5 ಮುಟ್ಟುವ ತನಕ ಬಿರುಕಿಲ್ಲ.

ಆರನೇ ಸೆಮ್

ಸರ್, ಸುಮ್ನೆ ಒಂದು ಡೌಟು. ಒತ್ತಬೇಕು ಅಷ್ಟೇ ತಾನೇ? ಮನೆ ಕಟ್ಟುವ ಮಾಮೂಲಿ ಟಿಎಂಟಿ ಕಂಬಿಯನ್ನೇ ಎಳೆದು ಬಿಗಿದರೆ ಆಗಲ್ವಾ? ಈ ವಿಶೇಷ ತಂತಿ ಯಾಕೆ? ಪುಸ್ತಕದಲ್ಲಿ 'ಹೈ ಟೆನ್ಸೈಲ್ ಸ್ಟೀಲ್ ಬೇಕು' ಅಂತ ಒಂದು ಸಾಲು ಬರೆದು ಬಿಟ್ಟಿದ್ದಾರೆ.

ಎಳೆದ ತಂತಿ

ಇದು ನನ್ನ ವಿಷಯ, ನಾನು ಹೇಳುತ್ತೇನೆ. ಆಫೀಸ್ ಕಟ್ಟಡಗಳ ಪಿಟಿ ಸ್ಲ್ಯಾಬ್ (ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಳಗಿನ ತಂತಿ ಎಳೆದು ಬಿಗಿಯುವ ಸ್ಲ್ಯಾಬ್) ಡಿಸೈನ್ ಮಾಡುವವಳು ನಾನು.

ತಮ್ಮಾ, ಕಾಂಕ್ರೀಟ್ ಒಣಗಿ ಕುಗ್ಗುತ್ತದೆ. ಒತ್ತಡದಲ್ಲಿಟ್ಟರೆ ನಿಧಾನವಾಗಿ ಇನ್ನೂ ಸ್ವಲ್ಪ ಕುಗ್ಗುತ್ತಲೇ ಹೋಗುತ್ತದೆ, ಅದೇ ಕ್ರೀಪ್. ಎರಡೂ ಸೇರಿ ಹತ್ತು ಲಕ್ಷಕ್ಕೆ 600 ಭಾಗ ಅಂತ ಇಟ್ಟುಕೋ. ಕಾಂಕ್ರೀಟ್ ಕುಗ್ಗಿದಷ್ಟು ತಂತಿಯೂ ಸಡಿಲ. ಉಕ್ಕಿನ ಇ ಬೆಲೆ, ಅಂದರೆ ಅದು ಹಿಗ್ಗಲು ಎಷ್ಟು ಬಿಗುವು ಅನ್ನುವ ಅಳತೆ, 1,95,000 ಮೆಗಾಪ್ಯಾಸ್ಕಲ್‌ನಿಂದ ಗುಣಿಸು. 117 ಮೆಗಾಪ್ಯಾಸ್ಕಲ್ ಹೋಯಿತು. ಮಾಮೂಲಿ ಕಂಬಿಯನ್ನು 250ಕ್ಕೆ ಎಳೆದಿದ್ದರೆ ಅರ್ಧದಷ್ಟು ಮಾಯ. 15.2 ಮಿಮೀನ ಏಳೆಳೆ ಸ್ಟ್ರ್ಯಾಂಡ್ (ಏಳು ಉಕ್ಕಿನ ಎಳೆ ಹೊಸೆದ ತಂತಿ) ತಗೋ. ಅದರ ಕ್ಷೇತ್ರಫಲ 140 ಚದರ ಮಿಮೀ, ತುಂಡಾಗುವ ಭಾರ 260.7 ಕಿಲೋನ್ಯೂಟನ್. ಮುಕ್ಕಾಲು ಭಾಗ ಎಳೆದರೆ 195 ಕಿಲೋನ್ಯೂಟನ್, ಅಂದರೆ ಸುಮಾರು 1,390 ಮೆಗಾಪ್ಯಾಸ್ಕಲ್. ಅದರಲ್ಲಿ 117 ಹೋದರೆ ನೂರಕ್ಕೆ ಎಂಟು ಚಿಲ್ಲರೆ ಅಷ್ಟೇ. ಫ್ರೆಸಿನೆಗಿಂತ ಮುಂಚಿನವರು ಸಾಮಾನ್ಯ ಕಬ್ಬಿಣ ಎಳೆದು ಸೋತದ್ದು ಇಲ್ಲೇ.

ಇನ್ನೊಂದು ಮಜಾ ಲೆಕ್ಕ. ಅಷ್ಟು ಬಿಗಿ ಎಳೆದರೆ 120 ಮೀಟರ್ ಸ್ಟ್ರ್ಯಾಂಡ್ ಎಷ್ಟು ಉದ್ದ ಆಗುತ್ತದೆ ಗೊತ್ತಾ? ಸುಮಾರು 0.85 ಮೀಟರ್‌ನಷ್ಟು! ಜ್ಯಾಕ್ ಒಂದೇ ಸಲಕ್ಕೆ ಅಷ್ಟು ಎಳೆಯೋಲ್ಲ, ಹಿಡಿದು ಬಿಟ್ಟು ಹಿಡಿದು ಎಳೆಯಬೇಕು.

ಹಳೇ ಥಿಯೊಡಲೈಟ್

ತಂತಿ ಮೇಡಂ ಲೆಕ್ಕವನ್ನೇ ಮುಂದುವರಿಸುತ್ತೇನೆ, ಏಕೆಂದರೆ ರಸ್ತೆಯ ಅಸಲಿ ತಲೆನೋವು ಇಲ್ಲಿಂದ ಶುರು. 15 ಸೆಂಟಿಮೀಟರ್ ಸ್ಲ್ಯಾಬಿನಲ್ಲಿ 60 ಸೆಂಟಿಮೀಟರ್‌ಗೊಂದು ಸ್ಟ್ರ್ಯಾಂಡ್ ಹಾಕಿದಿರಿ ಅನ್ನಿ. 195 ಕಿಲೋನ್ಯೂಟನ್ ಅನ್ನು 0.15 ಮತ್ತು 0.6ರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 2.2 ಮೆಗಾಪ್ಯಾಸ್ಕಲ್ ಒತ್ತಡ. ಎಲ್ಲ ಸೋರಿಕೆ ಕಳೆದು 1.7 ಉಳಿಯಿತು.

ಸೇತುವೆ ತೊಲೆ ಎರಡು ಬೇರಿಂಗ್ ಮೇಲೆ ಕೂತಿದೆ, ಬಿಗಿದರೆ ಹಾಯಾಗಿ ಕುಗ್ಗುತ್ತದೆ. ರಸ್ತೆ ಹಾಗಲ್ಲ, ಉದ್ದಕ್ಕೂ ನೆಲಕ್ಕೆ ಅಂಟಿಕೊಂಡು ಮಲಗಿದೆ. ನೀವು ತುದಿಯಲ್ಲಿ ಒತ್ತಿದ್ದು ನಡುವಿನ ತನಕ ತಲುಪಬೇಕಾದರೆ ಸ್ಲ್ಯಾಬ್ ಜಾರಬೇಕು. ಜಾರುವುದಕ್ಕೆ ನೆಲ ಬಿಡೋಲ್ಲ. ಆ ಘರ್ಷಣೆ ತಿನ್ನುವ ಒತ್ತಡ ಎಷ್ಟು ಅಂದರೆ, ಘರ್ಷಣೆಯ ಗುಣಾಂಕ ಗುಣಿಸು ಒಂದು ಘನ ಮೀಟರ್ ಕಾಂಕ್ರೀಟಿನ ತೂಕ (24 ಕಿಲೋನ್ಯೂಟನ್) ಗುಣಿಸು ಅರ್ಧ ಉದ್ದ. ಸ್ಲ್ಯಾಬಿನ ದಪ್ಪ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಗಮನಿಸಿ.

120 ಮೀಟರ್ ಸ್ಲ್ಯಾಬ್, ಗುಣಾಂಕ 1.5 ಆದರೆ? 1.5 ಗುಣಿಸು 24 ಗುಣಿಸು 60. ಸುಮಾರು 2.16 ಮೆಗಾಪ್ಯಾಸ್ಕಲ್. ಅಂದರೆ ನೀವು ಕಷ್ಟಪಟ್ಟು ಕೊಟ್ಟ 1.7 ಪೂರ್ತಿ ನೆಲದ ಪಾಲು, ನಡುವಿನ ಕಾಂಕ್ರೀಟಿಗೆ ಚಿಕ್ಕಾಸೂ ಇಲ್ಲ. ಅದೇ ಗುಣಾಂಕ 0.6ಕ್ಕೆ ಇಳಿದರೆ 0.86 ಹೋಗಿ ಅಷ್ಟೇ ಉಳಿಯುತ್ತದೆ. ಹಾಗಾಗಿ ಈ ರಸ್ತೆಯ ಜೀವ ಇರುವುದು ತಂತಿಯಲ್ಲಲ್ಲ, ಸ್ಲ್ಯಾಬ್ ಕೆಳಗಿನ ಪಾಲಿಥಿನ್ ಹಾಳೆಯಲ್ಲಿ. ನುಣುಪಾಗಿ ಮಟ್ಟ ಮಾಡಿದ ತಳ, ಅದರ ಮೇಲೆ ಒಂದರ ಮೇಲೊಂದು ಎರಡು ಹಾಳೆ.

ಸೈಟ್ ಮೇಸ್ತ್ರಿ

ಹಾಳೆ ಬಗ್ಗೆ ನನ್ನನ್ನು ಕೇಳಿ ಸರ್! ಈಗಲೂ ಡಿಎಲ್‌ಸಿ (ಸಿಮೆಂಟ್ ಕಮ್ಮಿ ಇರುವ ತಳದ ಕಾಂಕ್ರೀಟ್ ಪದರ) ಮೇಲೆ 125 ಮೈಕ್ರಾನ್ ಹಾಳೆ ಹಾಸುತ್ತೇವಲ್ಲ. ಸಂಜೆ ಗಾಳಿ ಬಂದರೆ ಗಾಳಿಪಟ. ಅದನ್ನು ಅದುಮಲು ಹುಡುಗರು ಜಲ್ಲಿಕಲ್ಲು ಇಡುತ್ತಾರೆ, ತೆಗೆಯಲು ಮರೆಯುತ್ತಾರೆ. ಗಮ್‌ಬೂಟ್ ತುಳಿದು ಹರಿಯುತ್ತದೆ. ಒಂದು ಮಡಿಕೆ ಬಿದ್ದರೆ ಕಾಂಕ್ರೀಟ್ ಒಳಗೆ ಹೊಕ್ಕು ಬೆಣೆ ಹೊಡೆದ ಹಾಗೆ ಕೂರುತ್ತದೆ. ಮಾಮೂಲಿ ರಸ್ತೆಯಲ್ಲಿ ಇದೆಲ್ಲ ನಡೆದುಹೋಗುತ್ತದೆ, 4.5 ಮೀಟರ್‌ಗೆ ಕಟಿಂಗ್ ಇದೆಯಲ್ಲ. 120 ಮೀಟರ್ ಜಾರಬೇಕು ಅಂದರೆ ಗ್ರಹಚಾರ.

ವಿಜಯನಗರ ನಿವಾಸಿ

ಲೆಕ್ಕ ಅರ್ಥವಾಯಿತು, ಬ್ಯಾಂಕಿನವನಲ್ಲವೇ. ಆದರೆ ಥಿಯೊಡಲೈಟ್ ಅವರೇ, ಎಲ್ಲ ಕಳೆದು 0.85 ಅಷ್ಟೇನಾ ಲಾಭ? 4.5 ಇದ್ದದ್ದು 5.35 ಆಯಿತು. ನೂರಕ್ಕೆ ಹತ್ತೊಂಬತ್ತು ಬಡ್ಡಿ. ಇಷ್ಟು ರಗಳೆಗೆ ಇದು ಸಾಕೇ?

ಹಳೇ ಥಿಯೊಡಲೈಟ್

ಒಳ್ಳೆಯ ಪ್ರಶ್ನೆ. ಬಡ್ಡಿ ಅಲ್ಲಿ ಮಾತ್ರ ಇಲ್ಲ.

ಮಾಮೂಲಿ ಕಾಂಕ್ರೀಟ್ ರಸ್ತೆ ನಡುವೆ ಒಡೆಯುವುದು ಕಮ್ಮಿ, ಅಂಚು ಮತ್ತು ಮೂಲೆಯಲ್ಲಿ ಒಡೆಯುವುದೇ ಜಾಸ್ತಿ. ನಿಮ್ಮ ಬಸ್ ಸ್ಟಾಪಿನ ಎರಡು ಮೂಲೆ ನೀವೇ ಹೇಳಿದಿರಿ. ಅದೇ ಚಕ್ರ ಅಂಚಿನಲ್ಲಿ ನಿಂತರೆ ನಡುವಿನಲ್ಲಿ ನಿಂತದ್ದಕ್ಕಿಂತ ಒಂದೂವರೆ ಪಟ್ಟಿಗೂ ಮೀರಿದ ಎಳೆತ. 120 ಮೀಟರ್‌ನಲ್ಲಿ 26 ಅಡ್ಡ ಜಾಯಿಂಟ್ ತೆಗೆದುಹಾಕಿದರೆ ಅಷ್ಟು ಅಂಚುಗಳನ್ನೇ ತೆಗೆದ ಹಾಗೆ. ತೆಳುವಾಗಿದ್ದರೂ ಬಾಳುವುದಕ್ಕೆ ಇದು ಒಂದು ಕಾರಣ.

ಎರಡನೆಯದು ನನಗೆ ತುಂಬ ಇಷ್ಟವಾದದ್ದು. ಮಾಮೂಲಿ ಸ್ಲ್ಯಾಬ್ ತಳದಲ್ಲಿ ಬಿರುಕು ಬಿಟ್ಟರೆ ಅದು ಮೇಲೇರಿ ಕಥೆ ಮುಗಿಯಿತು. ಪ್ರೀಸ್ಟ್ರೆಸ್ಡ್ ಸ್ಲ್ಯಾಬಿನಲ್ಲಿ ಅತಿ ಭಾರದ ಲಾರಿ ಬಂದಾಗ ತಳದಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ, ಲಾರಿ ಹೋದ ಮೇಲೆ ತಂತಿ ಅದನ್ನು ಮತ್ತೆ ಮುಚ್ಚುತ್ತದೆ. ಭಾರ ಅಕ್ಕಪಕ್ಕಕ್ಕೆ ಹಂಚಿಹೋಗುತ್ತದೆ. ಮೇಲ್ಮೈಯಲ್ಲಿ ಚಕ್ರದ ಸುತ್ತ ಬಳೆಯಂತೆ ಬಿರುಕು ಮೂಡುವ ತನಕ ಅದು ಸೋತಿಲ್ಲ. ಹೀಗಾಗಿಯೇ ಮಾಮೂಲಿ ದಪ್ಪದ ಅರ್ಧದ ಆಸುಪಾಸಿನಲ್ಲಿ ನಿಭಾಯಿಸಿದ್ದು.

ಬಿಸಿಲಿನ ಬಾಗುವಿಕೆಯನ್ನೂ ಮರೆಯಬಾರದು. ಮೇಲೆ ಬಿಸಿ, ಕೆಳಗೆ ತಂಪು, 10 ಡಿಗ್ರಿ ವ್ಯತ್ಯಾಸ ಅಂದುಕೊಂಡರೆ ಉದ್ದನೆಯ ಸ್ಲ್ಯಾಬಿನ ತಳಕ್ಕೆ ಸುಮಾರು 1.75 ಮೆಗಾಪ್ಯಾಸ್ಕಲ್ ಎಳೆತ ಬರುತ್ತದೆ. ಇದನ್ನು ಕೂಡದೆ ಡಿಸೈನ್ ಮಾಡಿದವರು ಮಧ್ಯಾಹ್ನದ ಲಾರಿಗೆ ಉತ್ತರ ಕೊಡಬೇಕಾಗುತ್ತದೆ. ಸ್ಲ್ಯಾಬ್ ತೆಳುವಾದಷ್ಟೂ ಆ ವ್ಯತ್ಯಾಸ ಕಮ್ಮಿ, ಅದೊಂದು ಪುಣ್ಯ.

ಆರನೇ ಸೆಮ್

ಹಾಗಾದರೆ ತಂತಿ ಎಳೆಯುವ ತನಕ ಅದು ಬರೀ 120 ಮೀಟರ್ ಉದ್ದದ ಸಾದಾ ಕಾಂಕ್ರೀಟ್ ಅಲ್ವಾ? ಕಟಿಂಗ್ ಬೇರೆ ಹಾಕಿಲ್ಲ. ಪೂರ್ತಿ ಗಟ್ಟಿಯಾಗಲಿ ಅಂತ 28 ದಿನ ಕಾಯುವಷ್ಟರಲ್ಲಿ ಮೇಸ್ತ್ರಿ ಅಣ್ಣನ ಹಾವು ಹರಿಯೋಲ್ವಾ?

ಎಳೆದ ತಂತಿ

ಶಭಾಷ್! ಇದನ್ನು ಕೇಳುವವರು ಕಮ್ಮಿ. 28 ದಿನ ಬಿಡು, ಮೊದಲ ರಾತ್ರಿಯೇ ಹರಿಯುತ್ತದೆ. ಅದಕ್ಕೇ ಎರಡು ಹಂತ. ಕಾಂಕ್ರೀಟ್ ಹಾಕಿ ಎಂಟು, ಹತ್ತು, ಹನ್ನೆರಡು ಗಂಟೆಗೆ, ಆಂಕರ್ (ತಂತಿಯ ತುದಿ ಹಿಡಿದಿಡುವ ಬಿಗಿ) ಹಿಂದಿನ ಕಾಂಕ್ರೀಟ್ ಪುಡಿಯಾಗದಷ್ಟು ಗಟ್ಟಿಯಾದ ತಕ್ಷಣ, ಸ್ವಲ್ಪ ಬಲದಲ್ಲಿ ಮೊದಲ ಎಳೆತ. ಅದೇ ಕಾಂಕ್ರೀಟಿನ ಪರೀಕ್ಷೆಯ ಕ್ಯೂಬ್ ಒಡೆದು ಖಾತ್ರಿ ಮಾಡಿಕೊಂಡೇ ಎಳೆಯಬೇಕು. ಪೂರ್ತಿ ಎಳೆತ ಕೆಲವು ದಿನದ ಮೇಲೆ. ಬೆಂಗಳೂರಲ್ಲಿ ಮಧ್ಯಾಹ್ನ ಕಾಂಕ್ರೀಟ್ ಹಾಕಿದರೆ ಮೊದಲ ಎಳೆತ ನಡುರಾತ್ರಿಗೆ ಬೀಳುತ್ತದೆ, ಸರಿಯಾಗಿ ಚಳಿ ಇಳಿಯುವ ಹೊತ್ತಿಗೆ. ಜ್ಯಾಕ್‌ನವನು ಟೀ ಕುಡಿಯಲು ಹೋಗಿ ಎರಡು ಗಂಟೆ ತಡ ಮಾಡಿದರೆ ಮುಗಿಯಿತು.

ಎಳೆಯುವುದು ಎಲ್ಲಿಂದ? ಎರಡು ಸ್ಲ್ಯಾಬ್ ನಡುವೆ ಜ್ಯಾಕ್ ಹಿಡಿಯುವಷ್ಟು ಜಾಗ ಬಿಟ್ಟು, ಎಳೆದ ಮೇಲೆ ಅಲ್ಲಿ ಗ್ಯಾಪ್ ಸ್ಲ್ಯಾಬ್ ಹಾಕುವುದು ಒಂದು ದಾರಿ. ಸ್ಲ್ಯಾಬಿನ ನಡುವೆಯೇ ಪಾಕೆಟ್ ಬಿಟ್ಟು ಅಲ್ಲಿಂದ ಎಳೆಯುವುದು ಇನ್ನೊಂದು.

ಮೀಟರ್ ಮೇಲೆ ಇಪ್ಪತ್ತು

ಗುರುಗಳೇ, ನಾನು ಆಟೋ ಓಡಿಸುವವನು. ನಿಮ್ಮ ಮೆಗಾ ಏನೋ ನನಗೆ ಬೇಡ. ರಸ್ತೆ ಎಷ್ಟು ದಿನ ಬಂದ್? ಅದು ಹೇಳಿ. ವೈಟ್ ಟಾಪಿಂಗ್ ಅಂತ ಒಂದು ಬದಿ ಮುಚ್ಚಿದರೆ ಕ್ಯೂರಿಂಗ್, ಕಟಿಂಗ್, ಫುಟ್‌ಪಾತ್ ಅಂತ ತಿಂಗಳುಗಟ್ಟಲೆ. ಹಳೇ ಮದ್ರಾಸ್ ರಸ್ತೆಯಲ್ಲಿ ಹಲಗೆ ತಂದು ಜೋಡಿಸಿದರಲ್ಲ, ರ‍್ಯಾಪಿಡ್ ರೋಡ್ ಅಂತ, ಅದು ಬೇಗ ಆಗಿತ್ತು. ಅದು ಇದೇನಾ?

ಹಳೇ ಥಿಯೊಡಲೈಟ್

ಇದರ ತಮ್ಮ ಅದು. 2022ರ ಕೊನೆಯಲ್ಲಿ ಬಿನ್ನಮಂಗಲದ ಹತ್ತಿರ ಪ್ರಯೋಗಕ್ಕೆಂದು ಮಾಡಿದ್ದು. ಕಾರ್ಖಾನೆಯಲ್ಲೇ ಹಲಗೆ ಎರಕ ಹೊಯ್ದು, ತಂದು ಜೋಡಿಸಿ, ಕೇಬಲ್ಲಿನಿಂದ ಬಿಗಿಯುವ ಬಗೆ. ಬೇಗ ಬಿರುಕು ಕಂಡಿತು ಅಂತ ಪತ್ರಿಕೆಗಳಲ್ಲಿ ಬಂತು, ಅದರ ತನಿಖೆ ನಮ್ಮ ಕೆಲಸ ಅಲ್ಲ. ಒಂದು ತುಣುಕು ನೋಡಿ ಇಡೀ ವಿಧಾನವನ್ನು ಬೈಯುವುದೂ ಬೇಡ, ಹೊಗಳುವುದೂ ಬೇಡ.

ವಿಧಾನಕ್ಕೆ ಹಿಂದಿನ ಅನುಭವ ಇದೆ. ಟೆಕ್ಸಾಸ್‌ನ ಜಾರ್ಜ್‌ಟೌನ್ ಹತ್ತಿರ 2001-02ರಲ್ಲಿ ಐ-35ರ ಪಕ್ಕದ ರಸ್ತೆಗೆ ಸುಮಾರು 700 ಮೀಟರ್ ಇಂಥದ್ದೇ ಹಲಗೆ ಜೋಡಿಸಿದರು, 20 ಸೆಂಟಿಮೀಟರ್ ದಪ್ಪ. ಹಲಗೆಗಳ ಅಂಚಿಗೆ ಗಾಡಿ, ನಾಲಿಗೆ. ನಡುವೆ ಎಪಾಕ್ಸಿ. ಕೆಳಗೆ ಡಾಂಬರಿನ ಮಟ್ಟ, ಅದರ ಮೇಲೆ ಪಾಲಿಥಿನ್. ಇದರ ದೊಡ್ಡ ಲಾಭ ಬೇಗ ಆಗುವುದು ಮಾತ್ರ ಅಲ್ಲ. ಹಲಗೆ ಯಾರ್ಡಿನಲ್ಲಿ ಒಣಗಿ ಕೂತಿರುವುದರಿಂದ ಕುಗ್ಗಬೇಕಾದ್ದು ಬಹುಪಾಲು ಅಲ್ಲೇ ಕುಗ್ಗಿರುತ್ತದೆ, ನಡುರಾತ್ರಿಯ ಹಾವಿನ ಭಯ ಇಲ್ಲ. ಕಷ್ಟ ಏನೆಂದರೆ ತಳ. ಹಲಗೆ ಗಟ್ಟಿ, ತಳದ ಉಬ್ಬುತಗ್ಗಿಗೆ ಬಗ್ಗೋಲ್ಲ. ಎಲ್ಲೋ ಟೊಳ್ಳು ಉಳಿದರೆ ಚಕ್ರ ಬಂದಾಗ ಕುಣಿಯುತ್ತದೆ. ಅದಕ್ಕೆ ಕೆಳಗಡೆ ಗ್ರೌಟ್ (ನೀರಾದ ಸಿಮೆಂಟ್ ಗಾರೆ) ತುಂಬುತ್ತಾರೆ. ಗ್ರೌಟ್ ಎಲ್ಲ ಕಡೆ ತಲುಪಿತಾ ಅಂತ ಕಣ್ಣಿಗೆ ಕಾಣೋಲ್ಲ.

ಸೈಟ್ ಮೇಸ್ತ್ರಿ

ಸರ್, 'ಗಾಡಿ' ಅಂದಿರಿ, ಆಟೋ ಅಣ್ಣ ಬೇರೆ ಅರ್ಥ ಮಾಡಿಕೊಂಡಾರು. ಬಾಗಿಲಿನ ಹಲಗೆ ಜೋಡಿಸಲು ಬಡಗಿ ಕೊರೆಯುವ ಸಂದು ಅಣ್ಣ, ಅದರೊಳಗೆ ಇನ್ನೊಂದು ಹಲಗೆಯ ನಾಲಿಗೆ ಕೂರುತ್ತದೆ.

ಈಗ ನನ್ನ ಪ್ರಶ್ನೆ. ಇದೆಲ್ಲ ಸರಿ. ರಸ್ತೆ ಮಾಡಿದ ಮರುದಿನ ನೀರಿನ ಪೈಪಿನವರು ಬಂದು ಅಗೆದರೆ?

ಎಳೆದ ತಂತಿ

ಅದಕ್ಕೆ ನನ್ನದೇ ಒಂದು ಅನುಭವ. ಕೆಲವು ವರ್ಷದ ಹಿಂದೆ ಒಂದು ಆಫೀಸ್ ಕಟ್ಟಡದಲ್ಲಿ ಎಸಿ ನೀರಿನ ಪೈಪಿಗೆ ಅಂತ ಯಾರನ್ನೂ ಕೇಳದೆ ಸ್ಲ್ಯಾಬಿಗೆ ಕೋರ್ ಹಾಕಿದರು, ಅಂದರೆ ದುಂಡಗೆ ತೂತು ಕೊರೆದರು. ಸ್ಟ್ರ್ಯಾಂಡ್ ತುಂಡಾಯಿತು. ಕಟ್ಟಡದ ಇನ್ನೊಂದು ತುದಿಯಲ್ಲಿ, ಆಂಕರ್ ಮುಚ್ಚಿದ್ದ ಗಾರೆ ಹಾರಿ, ತಂತಿಯ ಬಾಲ ಹೊರಗೆ ಬಂತು. ಯಾರೂ ಅಲ್ಲಿ ನಿಂತಿರಲಿಲ್ಲ, ದೇವರು ದೊಡ್ಡವನು. ಅದು ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟ ತಂತಿ. ಒಂದು ಕಡೆ ಕತ್ತರಿಸಿದರೆ ಪೂರ್ತಿ ಉದ್ದಕ್ಕೂ ಬಿಗಿ ಹೋಯಿತು. ತಂತಿಯ ಕೊಳವೆಗೆ ಗ್ರೌಟ್ ತುಂಬಿದ್ದರೆ ಹಾನಿ ಕತ್ತರಿಸಿದ ಆಸುಪಾಸಿಗೆ ನಿಲ್ಲುತ್ತದೆ. ಹಾಗಾಗಿ ನಗರದ ರಸ್ತೆಗೆ ಗ್ರೌಟ್ ಹಾಕಿದ್ದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹಾಗಂತ ಜೆಸಿಬಿ ಬ್ರೇಕರ್ ಇಟ್ಟು ಮೀಟರ್ ಅಗಲ ಕಾಲುವೆ ತೆಗೆದರೆ ಯಾವ ಗ್ರೌಟೂ ಕಾಯೋಲ್ಲ.

ಹಳೇ ಥಿಯೊಡಲೈಟ್

ಮೇಡಂ, ಅಗೆಯುವವರನ್ನು ದುಡ್ಡು ಖರ್ಚು ಮಾಡಿ ತಡೆಯಬಹುದು, ಪಕ್ಕದಲ್ಲೇ ಡಕ್ಟ್ ಕಟ್ಟಿ ಕೇಬಲ್ಲುಗಳನ್ನೆಲ್ಲ ಅದರೊಳಗೆ ಹಾಕಿ. ನಗರದ ಕೆಲವು ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಅಂತ ಹಾಗೆ ಮಾಡಿಯೂ ಇದ್ದಾರೆ. ನನಗೆ ಅದಕ್ಕಿಂತ ದೊಡ್ಡ ಅಡ್ಡಿ ಕಾಣುವುದು ಮ್ಯಾನ್‌ಹೋಲ್.

ನಗಬೇಡಿ. ಎರಕ ಹೊಯ್ದ 120 ಮೀಟರ್ ಸ್ಲ್ಯಾಬ್ ವರ್ಷಗಳಲ್ಲಿ ಒಣಗಿ, ಬಿಗಿದು, ಕ್ರೀಪ್ ಆಗಿ ಒಟ್ಟು 5-6 ಸೆಂಟಿಮೀಟರ್ ಚಿಕ್ಕದಾಗುತ್ತದೆ. ಅದರ ಮೇಲೆ 20 ಡಿಗ್ರಿ ಬಿಸಿ ತಂಪಿಗೆ 24 ಮಿಲಿಮೀಟರ್ ಆಟ. ನಡು ಅಲುಗುವುದಿಲ್ಲ, ಎರಡು ತುದಿಗಳು ಒಳಕ್ಕೆ ಬರುತ್ತವೆ. ತುದಿಯ ಹತ್ತಿರ ಹೆಚ್ಚುಕಡಿಮೆ 4 ಸೆಂಟಿಮೀಟರ್. ತುದಿಗೆ ಅಗಲವಾದ ಜಾಯಿಂಟ್, ಉಕ್ಕಿನ ಅಂಚು, ರಬ್ಬರ್ ಸೀಲ್, ಕೆಳಗೆ ಸ್ಲೀಪರ್ ಸ್ಲ್ಯಾಬ್ (ತುದಿಗಳಿಗೆ ಆಸರೆಯ ಹಾಸು) ಇಟ್ಟು ನಿಭಾಯಿಸಬಹುದು. ಮ್ಯಾನ್‌ಹೋಲ್ ಚೇಂಬರ್ ಮಾತ್ರ ಭೂಮಿಯಿಂದ ಎದ್ದು ನಿಂತಿರುವ ಇಟ್ಟಿಗೆ ಗೂಟ. ಸ್ಲ್ಯಾಬ್ ಜಾರಲು ಹೊರಟರೆ ಗೂಟಕ್ಕೆ ಕಟ್ಟಿದ ಹಸುವಿನಂತೆ ನಿಂತುಬಿಡುತ್ತದೆ. ಒಂದೋ ಚೇಂಬರ್ ಒಡೆಯಬೇಕು, ಇಲ್ಲ ಸ್ಲ್ಯಾಬ್ ಸೀಳಬೇಕು. ಪ್ರತಿ ಮ್ಯಾನ್‌ಹೋಲ್ ಸುತ್ತ ಸಂದು ಬಿಟ್ಟು, ಮೆತ್ತನೆ ವಸ್ತು ತುಂಬಿ, ತಂತಿಗಳನ್ನು ಸುತ್ತು ಬಳಸಿ ಒಯ್ದು, ಮೂಲೆಗಳಿಗೆ ಹೆಚ್ಚುವರಿ ಕಂಬಿ ಕಟ್ಟಬೇಕು. ಅಡ್ಡರಸ್ತೆ ಬಂದು ಸೇರುವಲ್ಲಿಯೂ ಇದೇ ಕಥೆ, ಒಂದು ಜಾರುತ್ತದೆ, ಇನ್ನೊಂದು ನಿಂತಿರುತ್ತದೆ.

ಹಾಗಾಗಿ ವಿಜಯನಗರದವರೇ, ಯಾರೂ ಯಾಕೆ ಮಾಡುತ್ತಿಲ್ಲ ಅಂದಿರಲ್ಲ. ವಿಮಾನ ನಿಲ್ದಾಣದ ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ), ಬಸ್ ಡಿಪೋ ಅಂಗಳ, ಊರಾಚೆಯ ನೇರ ರಸ್ತೆ ಆದರೆ ನಾನು ನಾಳೆಯೇ ಡಿಸೈನ್ ಕೊಡುತ್ತೇನೆ. ನಗರದೊಳಗೆ ಬೇಕಾದರೆ ಜೋಡಿಸುವ ಹಲಗೆ, ಅದೂ ಗಿಡ್ಡ ಉದ್ದದಲ್ಲಿ ಬಿಗಿದು, ಬಸ್ ಸ್ಟಾಪಿನಂಥ ಕಡೆ. ನಿಮ್ಮ ಮನೆ ರಸ್ತೆಗೆ ಎರಡೂ ಬೇಡ. ಒಡೆದ ಎರಡು ಮೂಲೆಯನ್ನು ಚೌಕವಾಗಿ ಕೊಯ್ದು ತೆಗೆದು, ಡೋವೆಲ್ (ಹಳೆಯದಕ್ಕೂ ಹೊಸದಕ್ಕೂ ಕೊಂಡಿಯಾಗುವ ಉಕ್ಕಿನ ಸರಳು) ಇಟ್ಟು, ಹೊಸದಾಗಿ ತುಂಬಿಸಿ ಅಂತ ಅರ್ಜಿ ಕೊಡಿ.

ಆರನೇ ಸೆಮ್

ಸರ್, ನನ್ನ ಪ್ರಾಜೆಕ್ಟ್‌ಗೆ ಮ್ಯಾನ್‌ಹೋಲ್ ವಿಷಯ ತಗೊಳ್ಳಲಾ? ಗೈಡ್ ಬೈಯೋಲ್ಲ ತಾನೇ?

ಹಳೇ ಥಿಯೊಡಲೈಟ್

ತಗೋ. ಬೈದರೆ ನನ್ನ ಹತ್ತಿರ ಕಳಿಸು.

ವಿಜಯನಗರ ನಿವಾಸಿ

ಈಗ ತಾನೇ ವಾಕಿಂಗ್ ನೆಪದಲ್ಲಿ 120 ಮೀಟರ್ ಹೆಜ್ಜೆ ಹಾಕಿ ಎಣಿಸಿ ಬಂದೆ. ಒಂಬತ್ತು ಮ್ಯಾನ್‌ಹೋಲ್, ಮೂರು ವಾಲ್ವ್ ಚೇಂಬರ್, ಎರಡು ಅಡ್ಡರಸ್ತೆ. ಬಸ್ ಸ್ಟಾಪ್ ಮುಂದೆ ಯಾರೋ ಹೊಸದಾಗಿ ಹಳದಿ ಪೇಂಟಿನಲ್ಲಿ ಉದ್ದನೆಯ ಗೆರೆ ಎಳೆದು ಬಾಣದ ಗುರುತು ಹಾಕಿದ್ದಾರೆ. ಅದು ಏನು ಅಂತ ಮೇಸ್ತ್ರಿಗೆ ಗೊತ್ತಿರಬಹುದು.

ಸೈಟ್ ಮೇಸ್ತ್ರಿ

ಕೇಬಲ್ಲಿನವರು ಸರ್. ಗೆರೆ ಬಿದ್ದಿದೆ ಅಂದರೆ ಅಗೆತ ಹತ್ತಿರದಲ್ಲೇ ಇದೆ. ಕಾರು ಇದ್ದರೆ ಇವತ್ತೇ ಹೊರಗೆ ತೆಗೆದಿಟ್ಟುಕೊಳ್ಳಿ.